ಕಾಗದದ ಗಿಂಡಿ

ಶ್ರೀರಾಂಪುರ ಎರಡನೇ ಹಂತದಲ್ಲಿ ಮೃತ್ಯುಂಜಯನ ಮನೆ ಎಲ್ಲಿ ಎಂದು ಕೇಳಿನೋಡಿ, ಯಾರೂ ಮನೆ ನಂಬರು ಹೇಳುವುದಿಲ್ಲ. ‘ಯಾರು, ಗುಜರಿ ಮೃತ್ಯುಂಜಯಣ್ಣನಾ?’ ಎಂದು ನಕ್ಕು ಕೈ ತೋರಿಸುತ್ತಾರೆ. ನಗಲಿ ಬಿಡಿ. ನಗುವವರ ಷೋಕೇಸಿನಲ್ಲಿ ಏನಿರುತ್ತದೆ ಎಂಬುದು ಊರಿಗೇ ಗೊತ್ತು: ಮದುವೆಗೆ ಯಾರೋ ಕೊಟ್ಟ ಗಡಿಯಾರ, ಊಟಿಯಿಂದ ತಂದ ಪ್ಲಾಸ್ಟಿಕ್ ಹೂವು, ಬಾಕ್ಸಿನಿಂದ ತೆಗೆಯದ ಕಪ್ಪು-ಸಾಸರು. ಮೃತ್ಯುಂಜಯನ ಮಹಡಿ ಕೋಣೆಯಲ್ಲಿರುವುದು ರಾಜರ ಕತ್ತಿ, ಇನ್‌ಸ್ಪೆಕ್ಟರರ ಪಿಸ್ತೂಲು, ಜಮೀನ್ದಾರರ ಬೆಳ್ಳಿ ಹಿಡಿಯ ಬೆತ್ತ, ಕಳ್ಳಸಾಗಣೆದಾರರ ಕೆಂಪು ಟೆಲಿಫೋನು. ಎಲ್ಲವೂ ಸಿನಿಮಾದಲ್ಲಿ ನಟಿಸಿ ನಿವೃತ್ತಿಯಾದ ಸಾಮಾನು. ಕತ್ತಿ ಮರದ್ದು, ಪಿಸ್ತೂಲು ರಬ್ಬರಿನದು, ಬೆಳ್ಳಿ ಎಂದರೆ ಸಿಗರೇಟು ಪ್ಯಾಕಿನ ತಗಡು. ಹೌದಪ್ಪ, ಸುಳ್ಳು ಸಾಮಾನೇ. ಅದನ್ನು ಅವನು ಮುಚ್ಚಿಟ್ಟಿದ್ದು ಯಾವತ್ತು?

ಹಾಗಂತ ಅವನೇನು ಕೆಲಸವಿಲ್ಲದ ಬಡಾಯಿಗಾರನಲ್ಲ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು, ಹೋದ ವರ್ಷ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಕೂದಲೆಳೆಯ ವ್ಯತ್ಯಾಸವಾದರೂ ಕಬ್ಬಿಣವನ್ನು ಹಿಂದಕ್ಕೆ ಎಸೆಯುವಷ್ಟು ಕಟ್ಟುನಿಟ್ಟು. ಅಂಥವನು ಮನೆಗೆ ಬಂದು ಮರದ ಕತ್ತಿಗೆ ಎಣ್ಣೆ ಸವರುತ್ತಿದ್ದ. ಅಷ್ಟೇ ಅಲ್ಲ, ಆಯುಧ ಪೂಜೆಯ ದಿನ ಸ್ಪ್ಯಾನರು, ಸುತ್ತಿಗೆ, ಮಗನ ಬೈಕು ಇವುಗಳ ಸಾಲಿನಲ್ಲೇ ಆ ರಬ್ಬರ್ ಪಿಸ್ತೂಲನ್ನೂ ಇಟ್ಟು ಮೂರು ಬೆರಳು ವಿಭೂತಿ ಎಳೆಯುತ್ತಿದ್ದ. ಹೆಂಡತಿ ಪ್ರೇಮಲೀಲಾ ಮೊದಮೊದಲು ಹಣೆ ಚಚ್ಚಿಕೊಂಡಳು. ಆಮೇಲಾಮೇಲೆ ಅವಳೇ ‘ಆ ಪಿಸ್ತೂಲಿಗೂ ಒಂದು ಹೂ ಇಡಿ, ಕೋಪ ಮಾಡ್ಕೊಂಡಾತು’ ಎನ್ನುವ ಹಂತಕ್ಕೆ ಬಂದಳು.

ಮಗ ಯೋಗೇಂದ್ರನ ಗೆಳೆಯರಿಗೂ ಈ ಹುಚ್ಚು ಇದೆ. ಅವರದು ಹೊಸ ಬಗೆ. ಇಂಗ್ಲಿಷ್ ಸಿನಿಮಾದ ವೀರರ ಗುರಾಣಿ, ಸುತ್ತಿಗೆ, ಮುಖವಾಡ ಎಲ್ಲ ಫೋನಿನಲ್ಲೇ ಆರ್ಡರ್ ಮಾಡಿ ಮನೆಬಾಗಿಲಿಗೆ ತರಿಸಿಕೊಳ್ಳುತ್ತಾರೆ.

‘ಅದು ಕಾಪಿ ಕಣೋ,’ ಎಂದು ಮೃತ್ಯುಂಜಯ ಮೂಗು ಮುರಿಯುತ್ತಿದ್ದ.

‘ನಿಮ್ದೇನಪ್ಪಾಜಿ ಮತ್ತೆ? ಒರಿಜಿನಲ್ ಸುಳ್ಳು,’ ಎಂದು ಮಗ ನಗುತ್ತಿದ್ದ.

ಆ ಮಾತಿಗೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಒರಿಜಿನಲ್ ಸುಳ್ಳು ಎಂದರೆ ಏನು ಎಂಬುದು ಅವನಿಗೆ ಒಂಬತ್ತನೇ ವಯಸ್ಸಿಗೇ ತಿಳಿದಿತ್ತು.

ಅವನ ಅಪ್ಪ ಶಿವಲಿಂಗಯ್ಯನಿಗೆ ದೇವರಾಜ ಮಾರುಕಟ್ಟೆಯಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುವ ಗೂಡಂಗಡಿ ಇತ್ತು. ಆಗ ಊರಲ್ಲಿದ್ದ ಸ್ಟುಡಿಯೋಗೆ ಸಾಂಬ್ರಾಣಿ ಹೋಗುತ್ತಿದ್ದುದು ಆ ಅಂಗಡಿಯಿಂದಲೇ. ಪೂಜೆಗಲ್ಲ, ತೆರೆಯ ಮೇಲೆ ಸ್ವರ್ಗದ ಮೋಡ ಎಬ್ಬಿಸುವುದಕ್ಕೆ. ಒಮ್ಮೆ ಸೈಕಲ್ಲಿನ ಹಿಂದೆ ಮೂಟೆಯ ಜೊತೆ ಮಗನನ್ನೂ ಕೂರಿಸಿಕೊಂಡು ಹೋದ. ಒಳಗೆ ಒಬ್ಬ ರಾಣಿ, ಕಾಡಿಗೆ ಹೋಗಿ ಸನ್ಯಾಸಿಯಾದ ಗಂಡನ ಪಾದ ತೊಳೆಯಲೆಂದು ದೊಡ್ಡದೊಂದು ಗಿಂಡಿ ಹಿಡಿದು ನಡೆದು ಬರುತ್ತಿದ್ದಳು. ಸೊಂಟ ಒಂದು ಕಡೆಗೆ ವಾಲಿತ್ತು, ಗಿಂಡಿಯ ಭಾರಕ್ಕೆ ಕೈಯ ನರ ಬಿಗಿದಿತ್ತು. ‘ಕಟ್’ ಎಂದ ಕೂಡಲೇ ಯಾರೋ ಬಂದು ಗಿಂಡಿಯನ್ನು ತಲೆಕೆಳಗು ಮಾಡಿ ಮೂಲೆಗಿಟ್ಟರು. ಒಂದು ಹನಿ ನೀರೂ ಬೀಳಲಿಲ್ಲ. ಹುಡುಗ ಹತ್ತಿರ ಹೋಗಿ ಬೆರಳಿನಿಂದ ತಟ್ಟಿದ. ಠಣ್ ಎನ್ನಲಿಲ್ಲ, ಡಬ್ ಎಂದಿತು. ಕಾಗದ.

ಎರಡು ವರ್ಷದ ಮೇಲೆ ಆ ಸಿನಿಮಾ ಬಂತು. ಅಮ್ಮನ ಜೊತೆ ನೋಡಲು ಹೋದ. ರಾಣಿ ಗಿಂಡಿ ಹಿಡಿದು ಬಂದಾಗ ಟಾಕೀಸಿನಲ್ಲಿ ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು, ಅಮ್ಮನೂ ಸೆರಗು ಕಣ್ಣಿಗೊತ್ತಿಕೊಂಡಿದ್ದಳು. ಇವನಿಗೆ ತಡೆಯಲಾಗಲಿಲ್ಲ. ‘ಅಮ್ಮ, ಅದು ಕಾಗದದ್ದು. ಒಳಗೆ ನೀರಿಲ್ಲ,’ ಎಂದು ಕಿವಿಯಲ್ಲಿ ಉಸುರಿದ. ಅಮ್ಮ ತೊಡೆಗೆ ಚಿವುಟಿ, ‘ನಂಗೊತ್ತು, ಸುಮ್ನೆ ಕೂತ್ಕೋ,’ ಎಂದು ಮತ್ತೆ ಅಳತೊಡಗಿದಳು. ನಂಗೊತ್ತು ಎಂದಳಲ್ಲ! ಗೊತ್ತಿದ್ದೂ ಅತ್ತಳಲ್ಲ! ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಇವತ್ತಿಗೂ ಆ ಚಿವುಟು ಅವನಿಗೆ ನೆನಪಿದೆ. ಜನ ಯಾಕೆ ಇಂಥ ಸಾಮಾನು ಕೂಡಿಡುತ್ತಾರೆ ಎಂದು ಯಾರಾದರೂ ಕೇಳಿದರೆ ಅವನು ಬೇರೇನೂ ಹೇಳುವುದಿಲ್ಲ. ಅವತ್ತು ಅಮ್ಮ ಅತ್ತಿದ್ದು ನಿಜ, ಅವಳನ್ನು ಅಳಿಸಿದ ವಸ್ತು ಇಲ್ಲಿದೆ, ಮುಟ್ಟಿ ನೋಡಿ ಅನ್ನುತ್ತಾನೆ. ಚಿನ್ನದ ಸರ ಕೂಡಿಡುವವರಿಗೆ ಇಷ್ಟು ಒಳ್ಳೆಯ ಉತ್ತರ ಇದೆಯೋ ಇಲ್ಲವೋ.

ಹೌದು, ಆ ಗಿಂಡಿಯೇ ಅವನ ಕೋಣೆಯ ಪಟ್ಟದ ಸಾಮಾನು. ಸ್ಟುಡಿಯೋ ಮುಚ್ಚಿದ ಮೇಲೆ ಅಲ್ಲಿಯ ಸರಕು ಮಂಡಿ ಮೊಹಲ್ಲಾದ ಗುಜರಿಗೆ ಬಂದಿತ್ತು. ಒಂದು ಭಾನುವಾರ ಹಳೇ ಬೇರಿಂಗು ಹುಡುಕುತ್ತ ಹೋದವನಿಗೆ ಮುರಿದ ಕುರ್ಚಿಗಳ ಅಡಿಯಲ್ಲಿ ಅದು ಕಂಡಿತು. ಗುಜರಿಯವನು ಬೆರಳಿನಿಂದ ಒಮ್ಮೆ ತಟ್ಟಿ, ‘ಕಾಗದ ಕಣ್ರೀ. ಸುಮ್ನೆ ತಗೊಂಡೋಗಿ,’ ಎಂದ. ಮೃತ್ಯುಂಜಯ ಅದನ್ನು ಮಗು ಹಿಡಿದ ಹಾಗೆ ಎದೆಗಪ್ಪಿಕೊಂಡು, ಒಂದೇ ಕೈಯಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಮೂವತ್ತು ವರ್ಷದಿಂದ ಹಳೇ ಪಂಚೆಯಲ್ಲಿ ಸುತ್ತಿ, ಮಳೆಗಾಲದಲ್ಲಿ ಬೀರುವಿನೊಳಗೆ, ಬೇಸಿಗೆಯಲ್ಲಿ ಕಪಾಟಿನ ಮೇಲೆ ಇಟ್ಟು ಸಾಕಿದ.

ಅದನ್ನು ಮಾಡಿದವರು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದದ್ದು ಈ ವರ್ಷ, ದಸರೆಗೆ ಎರಡು ವಾರ ಮುಂಚೆ, ಯಾದವಗಿರಿಯ ಒಂದು ನಾಮಕರಣದ ಪಂಕ್ತಿಯಲ್ಲಿ.

ಪಕ್ಕದ ಎಲೆಗೆ ಕೂತಿದ್ದವರು ಎಂಬತ್ತು ದಾಟಿದ ಒಬ್ಬ ತೆಳ್ಳನೆಯ ಹಿರಿಯರು. ನೀರು ಬಡಿಸುವ ಹುಡುಗ ಇನ್ನೂ ನಾಲ್ಕು ಎಲೆ ಆಚೆ ಇದ್ದಾನೆ, ಅಷ್ಟರಲ್ಲಿ ಇವರು, ‘ಅವನ ಜಗ್ಗು ಖಾಲಿ. ನಮ್ಮವರೆಗೂ ಬರಲ್ಲ ನೀರು,’ ಎಂದರು. ಹಾಗೆಯೇ ಆಯಿತು.

‘ಹೆಂಗೆ ಗೊತ್ತಾಯ್ತು ನಿಮಗೆ?’ ಎಂದ ಮೃತ್ಯುಂಜಯ.

‘ಕೈ ನೋಡಿದ್ರೆ ಗೊತ್ತಾಗ್ತದೆ ಕಣಪ್ಪ. ತುಂಬಿದ ಪಾತ್ರೆ ಹಿಡಿದ ಕೈಯೇ ಬೇರೆ. ಇಪ್ಪತ್ತೆರಡು ವರ್ಷ ಅದೇ ಕೆಲ್ಸ ಮಾಡ್ದೋನು ನಾನು. ಸ್ಟುಡಿಯೋದಲ್ಲಿ ಸಾಮಾನು ಮಾಡ್ತಿದ್ದೆ.’

ಮೃತ್ಯುಂಜಯನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ‘ಏನೇನು ಸಾಮಾನು?’

ಮುದುಕರು ನೆನಪು ಮಾಡಿಕೊಂಡು ಹೇಳುತ್ತಾ ಹೋದರು. ಕಿರೀಟ, ಗದೆ, ದೇವಸ್ಥಾನದ ಗಂಟೆ. ಆಮೇಲೆ ಒಂದು ಗಿಂಡಿ. ನಿಜವಾದ ಹಿತ್ತಾಳೆ ಗಿಂಡಿ ಲೈಟು ಬಿದ್ದರೆ ಕಣ್ಣು ಕುಕ್ಕುತ್ತಿತ್ತಂತೆ, ಕ್ಯಾಮೆರಾದವರು ಬೈದು ಆಚೆ ಇಡಿಸಿದರಂತೆ. ಆಗ ಇವರು ಮಣ್ಣಿನ ಅಚ್ಚಿನ ಮೇಲೆ ಕಾಗದದ ಪಟ್ಟಿ, ಮೈದಾ ಅಂಟು ಹಾಕಿ ಹದಿನಾರು ಪದರ ಕಟ್ಟಿ, ಮೇಲೆ ಬಣ್ಣ ಬಳಿದು ಮಂಕು ಹಿತ್ತಾಳೆ ಮಾಡಿದರು. ‘ಆಯಮ್ಮ ಅದನ್ನ ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತೋಳು. ನೀರು ತುಂಬಿದ ಗಿಂಡಿ ಹಾಗಾ ಎತ್ತೋದು? ತಳಕ್ಕೆ ಸೀಸದ ಬಿಲ್ಲೆ ಕೂರಿಸ್ದೆ. ತಗೋ, ಸೊಂಟ ತಾನಾಗೇ ವಾಲ್ತು. ಮೂತಿ ಬುಡದಲ್ಲಿ ಎರಡು ಎಲೆ ಕೆತ್ತಿದ್ದೆ, ಒಂದರ ತುದಿ ಸೆಟ್ಟಲ್ಲೇ ಮುರೀತು.’

‘ಎಡಗಡೆ ಎಲೆ,’ ಎಂದ ಮೃತ್ಯುಂಜಯ.

ಮುದುಕರು ತಿರುಗಿ ನೋಡಿದರು.

‘ನಮ್ಮನೇಲಿದೆ ಸ್ವಾಮಿ ಅದು.’

ಸದಾಶಿವಯ್ಯ ಎಂಬುದು ಅವರ ಹೆಸರು. ಆಮೇಲೆ ಎಲೆಯಲ್ಲಿದ್ದ ಅನ್ನವನ್ನು ಅವರು ಮುಟ್ಟಲಿಲ್ಲ. ಎಲೆಯ ಮುಂದೆ ಕೂತೇ ಒಂದು ಮಾತು ಹೇಳಿದರು. ಮೃತ್ಯುಂಜಯನಿಗೆ ಎರಡು ವಾರ ನೆಮ್ಮದಿ ಇಲ್ಲದ ಹಾಗೆ ಮಾಡಿದ ಮಾತು ಅದು.

‘ನನ್ನ ಹತ್ರ ನಾನು ಮಾಡಿದ್ದು ಒಂದೂ ಇಲ್ಲ ಕಣಪ್ಪ. ತೆರೆ ಮೇಲೆ ಹೆಸರು ಹಾಕ್ತಿರಲಿಲ್ಲ ನಮ್ದು. ಸಾಮಾನು ತೆರೆ ಮೇಲೆ ಎರಡು ನಿಮಿಷ, ಆಮೇಲೆ ಮೂಲೆಗೆ. ಕೆಲ್ಸ ಚೆನ್ನಾಗಿ ಮಾಡ್ತಿದ್ನಾ, ಇಲ್ಲ ಸುಮ್ನೆ ಸಂಬಳ ತಗೊಂಡ್ನಾ, ಅದೇ ನನಗೆ ಗೊತ್ತಿಲ್ಲ. ಒಂದ್ಸಲ ಕೈಲಿ ಹಿಡ್ದು ನೋಡ್ಬೇಕು. ಕೈಗೆ ಬಂದ್ರೆ ಗೊತ್ತಾಗ್ತದೆ.’

ಆಯುಧ ಪೂಜೆಯ ದಿನ ಬೆಳಗ್ಗೆ ಮನೆಗೆ ಬನ್ನಿ, ಪೂಜೆಯ ಸಾಲಿನಲ್ಲಿ ಮೊದಲು ನಿಮ್ಮ ಗಿಂಡಿಯನ್ನೇ ಇಡುತ್ತೇನೆ ಎಂದು ಮೃತ್ಯುಂಜಯ ಮಾತು ಕೊಟ್ಟ. ಕೊಟ್ಟಿದ್ದು ಸಾಲದು ಎಂದು ಶ್ರೀರಾಂಪುರದ ಹಾಲಿನ ಬೂತು, ಕ್ಷೌರದಂಗಡಿ, ಪಾರ್ಕಿನ ಕಲ್ಲುಬೆಂಚು ಎಲ್ಲ ಕಡೆ ಸಾರಿದ. ಗುಜರಿ ಅಂತ ನಕ್ಕವರೆಲ್ಲ ಬಂದು ನೋಡಲಿ ಎಂಬ ಹಮ್ಮು ಸ್ವಲ್ಪ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ಈಗ ಬಿಂದುಶ್ರೀಯ ಮಾತು. ಯೋಗೇಂದ್ರನ ಹೆಂಡತಿ, ನಂಜನಗೂಡಿನ ಹುಡುಗಿ, ಹತ್ತಿರದ ಶಾಲೆಯಲ್ಲಿ ಲೆಕ್ಕದ ಮೇಡಂ. ಮನೆಗೆ ಬಂದು ಆರು ತಿಂಗಳು, ಈ ಮನೆಯಲ್ಲಿ ಅವಳ ಮೊದಲ ದಸರೆ. ಮಾವ ಕಂಡರೆ ಪ್ರೀತಿ, ಮಾವನ ಕೋಣೆ ಕಂಡರೆ ಹೆದರಿಕೆ. ಏನು ಮುಟ್ಟಿದರೆ ಏನಾಗುತ್ತದೋ ಎಂದು ಆ ಕಡೆ ತಲೆ ಹಾಕಿದವಳೇ ಅಲ್ಲ. ಆದರೆ ಹಬ್ಬದ ಮುನ್ನಾದಿನ ಅತ್ತೆಯ ಮಂಡಿನೋವು ನೋಡಿ, ‘ನೀವು ಕೂತ್ಕೊಳ್ಳಿ ಅತ್ತೆ, ಇವತ್ತು ಪಾತ್ರೆ ಎಲ್ಲ ನಂದು,’ ಎಂದು ಸೆರಗು ಸಿಕ್ಕಿಸಿದಳು. ಅಟ್ಟದಿಂದ ಇಳಿಸಿದ ದೀಪ, ಚೊಂಬು, ಹರಿವಾಣ, ಗಂಟೆ ಎಲ್ಲವನ್ನೂ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಗುಡ್ಡೆ ಹಾಕಿಕೊಂಡು, ಒಂದು ಬಟ್ಟಲು ಹುಣಸೆಹಣ್ಣು ನೆನೆಸಿಕೊಂಡು ಒಳಗೆ ತೆಂಗಿನ ನಾರು ತರಲು ಹೋದಳು.

ಅದೇ ಹೊತ್ತಿಗೆ ಮೃತ್ಯುಂಜಯ ಮಹಡಿಯಿಂದ ಗಿಂಡಿ ತಂದ. ಒಳ್ಳೆಯ ಬಿಸಿಲಿದೆ, ಕ್ಷೌರದ ಬ್ರಷ್ಷಿನಿಂದ ಮೆತ್ತಗೆ ಧೂಳು ಹೊಡೆಯೋಣ ಎಂದುಕೊಂಡು ಪಂಚೆ ಬಿಚ್ಚಿ ಒಗೆಯುವ ಕಲ್ಲಿನ ತುದಿಯಲ್ಲಿಟ್ಟ. ಬ್ರಷ್ಷು ತರಲು ತಿರುಗಿದ್ದಾನೆ, ಬೀದಿಯಲ್ಲಿ ಬೂದುಗುಂಬಳಕಾಯಿ ಗಾಡಿಯವನ ಕೂಗು. ಮಧ್ಯಾಹ್ನವಾದರೆ ಒಳ್ಳೆಯ ಕಾಯಿ ಉಳಿಯುವುದಿಲ್ಲ. ಹೊರಟೇಬಿಟ್ಟ. ಗಾಡಿಯ ಹತ್ತಿರ ಇನ್ನಿಬ್ಬರು ಸಿಕ್ಕರು, ಗಿಂಡಿಯ ಕಥೆ ಮತ್ತೆ ಮೊದಲಿನಿಂದ ಶುರುವಾಯಿತು. ಮುಕ್ಕಾಲು ಗಂಟೆ ಹೋಯಿತು.

ಕುಂಬಳಕಾಯಿ ಹೊತ್ತು ಹಿತ್ತಲಿಗೆ ಬಂದಾಗ ದೀಪ, ಚೊಂಬು, ಗಂಟೆ ಎಲ್ಲ ಬಿಸಿಲಿಗೆ ಝಗಝಗ ಹೊಳೆಯುತ್ತಿದ್ದವು. ಅವುಗಳ ನಡುವೆ ಬಿಂದುಶ್ರೀ ಕುಕ್ಕರಗಾಲಲ್ಲಿ ಕೂತು ಬೆವರುತ್ತಿದ್ದಳು. ಅವಳ ಎಡಗೈಯಲ್ಲಿ ಗಿಂಡಿಯ ಮೂತಿ, ಬಲಗೈಯಲ್ಲಿ ತೆಂಗಿನ ನಾರು. ಮಡಿಲ ಮುಂದೆ ಬೂದು ಬಣ್ಣದ ಒಂದು ಮುದ್ದೆ, ಪದರ ಪದರವಾಗಿ ಬಿಚ್ಚಿಕೊಂಡು ಕೂತಿತ್ತು.

‘ಮಾವ, ಇದೇನೋ ಆಗ್ಬುಡ್ತು,’ ಎಂದಳು.

ಕುಂಬಳಕಾಯಿ ಕೈಯಿಂದ ಬಿದ್ದು ಪೂಜೆಗೆ ಮೊದಲೇ ಒಡೆಯಿತು. ಆಮೇಲೆ ಮೃತ್ಯುಂಜಯನ ಬಾಯಿಂದ ಬಂದ ಮಾತುಗಳನ್ನು ಬರೆಯಬಾರದು, ಆದರೆ ಒಂದನ್ನು ಬರೆಯಲೇಬೇಕು, ಯಾಕೆಂದರೆ ಚುಚ್ಚಿದ್ದು ಅದೇ. ‘ಕಣ್ಣು ಕಾಣ್ಲಿಲ್ವೇನಮ್ಮ? ಕಾಗದಕ್ಕೂ ಹಿತ್ತಾಳೆಗೂ ವ್ಯತ್ಯಾಸ ಗೊತ್ತಾಗಲ್ವಾ? ನಿಮ್ಮ ತೌರುಮನೇಲಿ ಒಂದು ಹಿತ್ತಾಳೆ ಪಾತ್ರೆ ಕಂಡಿದ್ರೆ ತಾನೇ ಗೊತ್ತಾಗೋದು,’ ಎಂದುಬಿಟ್ಟ.

ಹುಡುಗಿ ಕೈ ತೊಳೆದುಕೊಂಡು, ಸಿಕ್ಕಿಸಿದ್ದ ಸೆರಗು ಇಳಿಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪ್ರೇಮಲೀಲಾ ಮಂಡಿ ಹಿಡಿದುಕೊಂಡೇ ಎದ್ದು ಬಂದಳು. ‘ಏನ್ರೀ ನಾಲಿಗೆ ಅದು? ತೌರಿನ ಮಾತು ಆಡೋ ಗಂಡಸರ ಪೈಕಿ ನೀವಲ್ಲ ಅಂದ್ಕೊಂಡಿದ್ದೆ ನಾನು. ಹಬ್ಬದ ಹಿಂದಿನ ದಿನ, ಪಾತ್ರೆ ತಿಕ್ಕೋ ಕಲ್ಲ ಮೇಲೆ, ಪಾತ್ರೆಗಳ ಸಾಲಲ್ಲಿ ಗಿಂಡಿ ಇಟ್ಟೋರು ಯಾರು? ಅವಳಾ?’

ಉತ್ತರವಿಲ್ಲದವರು ಮಾಡುವುದನ್ನೇ ಅವನೂ ಮಾಡಿದ, ಇನ್ನೂ ಜೋರಾಗಿ ಮುಖ ಊದಿಸಿಕೊಂಡು ಮಹಡಿ ಹತ್ತಿದ.

ಸಂಜೆಯವರೆಗೂ ಒದ್ದಾಡಿದ. ಮುದ್ದೆಯನ್ನು ಬಿಸಿಲಿಗಿಟ್ಟ, ಫೆವಿಕಾಲ್ ತುಂಬಿದ, ದಾರ ಸುತ್ತಿದ, ಚಿನ್ನದ ಬಣ್ಣದ ಸ್ಪ್ರೇ ತರಿಸಿ ಹೊಡೆದ. ಕಬ್ಬಿಣ ಅವನ ಮಾತು ಕೇಳುತ್ತಿತ್ತು, ಕಾಗದ ಕೇಳಲಿಲ್ಲ. ಗಿಂಡಿ ಹೋಗಿ ಚಿನ್ನದ ಬಣ್ಣದ ಹಲಸಿನಹಣ್ಣಿನಂತಾಯಿತು. ಅದನ್ನು ನೋಡಿ ಅವನಿಗೆ ನಿಜವಾಗಿಯೂ ಅಳು ಬಂತು. ಗಿಂಡಿ ಹೋದದ್ದಕ್ಕಿಂತ ನಾಳೆ ಆ ಮುದುಕರ ಕೈಗೆ ಏನು ಕೊಡಲಿ ಎಂಬ ಸಂಕಟ ದೊಡ್ಡದಾಗಿತ್ತು. ಕೈಗೆ ಬಂದರೆ ಗೊತ್ತಾಗುತ್ತದೆ ಎಂದಿದ್ದರು. ಇನ್ನು ಗೊತ್ತಾಗುವ ಬಗೆ ಎಲ್ಲಿದೆ? ಎಂಬತ್ಮೂರು ವರ್ಷದವರು, ಈ ಪ್ರಶ್ನೆ ಹೊತ್ತುಕೊಂಡೇ ಹೋಗಬೇಕು. ಎರಡು ಸಲ ಫೋನು ಕೈಗೆತ್ತಿಕೊಂಡ, ಬರಬೇಡಿ ಎನ್ನಲು. ಎರಡು ಸಲವೂ ಆ ಕಡೆಯಿಂದ ಅವರ ಮಗಳು ಅನುಪಮಾ ಎತ್ತಿ, ‘ಅಪ್ಪಾಜಿ ಜುಬ್ಬಕ್ಕೆ ಇಸ್ತ್ರಿ ಮಾಡಿಸ್ತಿದ್ದಾರೆ, ಕೊಡ್ಲಾ?’ ಎಂದಾಗ, ‘ಬೇಡಮ್ಮ, ಬರೋದು ಖಾತ್ರಿನಾ ಅಂತ ಕೇಳೋಣ ಅಂತ,’ ಎಂದು ಇಟ್ಟುಬಿಟ್ಟ. ಕೊನೆಗೆ ಒಂದು ಸುಳ್ಳು ಹೊಂದಿಸಿಕೊಂಡ. ಸೂರು ಸೋರಿತು, ನೀರು ಬಿತ್ತು, ಗೊತ್ತಾಗಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ, ಬಾಳೆಕಂದು ಕಟ್ಟಿ ಚೆಂಡುಹೂವಿನ ಹಾರ ಹಾಕಿದ ಆಟೋದಲ್ಲಿ ಸದಾಶಿವಯ್ಯ ಬಂದಿಳಿದರು. ಬಿಳಿ ಜುಬ್ಬ, ಹಣೆ ತುಂಬ ವಿಭೂತಿ. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಜೊತೆಗೆ ಅನುಪಮಾ, ಐವತ್ತರ ಹೆಂಗಸು, ಅಪ್ಪನ ತೋಳು ಹಿಡಿದಿದ್ದಳು.

‘ನಾವ್ಯಾರೂ ಇವರ ಕೆಲ್ಸ ನೋಡೇ ಇಲ್ಲ,’ ಎಂದಳು ಅವಳು, ಕಾಫಿ ಲೋಟ ತೆಗೆದುಕೊಳ್ಳುತ್ತಾ. ‘ಟೀವೀಲಿ ಆ ಸಿನಿಮಾ ಬಂದಾಗ ಅಪ್ಪಾಜಿ ಅಗೋ ಅಗೋ ಅಂತಾರೆ, ನಾವು ತಿರುಗೋಷ್ಟರಲ್ಲಿ ಹೋಗಿರ್ತದೆ.’

ಪಡಸಾಲೆಯಲ್ಲಿ ಪೂಜೆಯ ಸಾಲು ಸಿದ್ಧವಾಗಿತ್ತು. ಸ್ಪ್ಯಾನರು, ಕುಡುಗೋಲು, ಹೊಲಿಗೆ ಮಿಷನ್ನು, ಪಿಸ್ತೂಲು, ಬೆತ್ತ. ಸದಾಶಿವಯ್ಯನವರ ಕಣ್ಣು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಬಂತು. ಕೇಳಲಿಲ್ಲ. ಕೇಳದೇ ಇದ್ದದ್ದೇ ಮೃತ್ಯುಂಜಯನಿಗೆ ತಡೆಯದಾಯಿತು. ಒಳಗೆ ಹೋಗಿ ಆ ಮುದ್ದೆಯನ್ನು ತಟ್ಟೆಯಲ್ಲಿಟ್ಟು, ಮೂತಿಯನ್ನು ಪಕ್ಕದಲ್ಲಿಟ್ಟು ತಂದು ಅವರ ಮುಂದಿನ ಸ್ಟೂಲಿನ ಮೇಲಿಟ್ಟ.

ಮುದುಕರು ಮೂತಿಯನ್ನು ಎತ್ತಿ ಬುಡದ ಎಲೆಯನ್ನು ಹೆಬ್ಬೆರಳಿನಿಂದ ಸವರಿದರು.

‘ನಂದೇ,’ ಎಂದರು. ‘ಏನಾಯ್ತಪ್ಪ?’

‘ಸೂರು ಸೋರಿ…’ ಎಂದು ಮೃತ್ಯುಂಜಯ ಶುರುಮಾಡಿದ.

‘ಇಲ್ಲ ತಾತ.’

ಅಡುಗೆಮನೆಯ ಬಾಗಿಲಲ್ಲಿ ಬಿಂದುಶ್ರೀ ನಿಂತಿದ್ದಳು. ನಿನ್ನೆಯಿಂದ ಆ ಮನೆಯಲ್ಲಿ ಅವಳ ದನಿ ಯಾರೂ ಕೇಳಿರಲಿಲ್ಲ. ಕಣ್ಣು ಊದಿತ್ತು, ಆದರೆ ದನಿ ಗಟ್ಟಿಯಾಗಿತ್ತು. ‘ಸೂರು ಸೋರಿಲ್ಲ. ನಾನೇ ಹಾಳು ಮಾಡಿದ್ದು. ಹಿತ್ತಾಳೆ ಅಂದ್ಕೊಂಡು ಹುಣಸೆಹಣ್ಣು ಹಾಕಿ ತೊಳ್ದುಬುಟ್ಟೆ.’

ಸದಾಶಿವಯ್ಯ ತಲೆಯೆತ್ತಿದರು. ‘ಏನಂದ್ಕೊಂಡು?’

‘ಹಿತ್ತಾಳೆ ಅಂತ.’

‘ದೂರದಿಂದ ನೋಡಿ ಅಂದ್ಕೊಂಡ್ರೇನಮ್ಮ?’

‘ಇಲ್ಲ, ಕೈಲಿ ಹಿಡ್ದೇ. ಒಳ್ಳೆ ಭಾರ ಇತ್ತು. ಉಳಿದ ಪಾತ್ರೆ ಹಂಗೇ ಇತ್ತು, ಆದ್ರೆ ಅವಕ್ಕಿಂತ ಮಂಕು. ಪಾಪ, ಎಷ್ಟು ವರ್ಷದಿಂದ ಯಾರೂ ತಿಕ್ಕಿಲ್ಲ, ನಿಧಾನವಾಗಿ ತಿಕ್ಕೋಣ ಅಂತ ಕೊನೇಗೆ ಇಟ್ಕೊಂಡೆ.’

‘ಎಷ್ಟು ಹೊತ್ತು ತಿಕ್ಕಿದ್ರಿ?’

ಇದೇನು ವಿಚಾರಣೆ ಎಂದು ಮೃತ್ಯುಂಜಯ ಅಡ್ಡ ಬಾಯಿ ಹಾಕಲು ಹೋದ. ಪ್ರೇಮಲೀಲಾ ಅವನ ತೋಳು ಹಿಡಿದು ನಿಲ್ಲಿಸಿದಳು.

‘ಕಾಲು ಗಂಟೆ ಆಗಿರ್ಬೇಕು ತಾತ,’ ಎಂದಳು ಬಿಂದುಶ್ರೀ. ‘ಕೊರಳ ಸುತ್ತ ಹಸಿರು ಕಿಲುಬು ಕಟ್ಟಿತ್ತಲ್ಲ, ಅದು ಹೋಗ್ಲೇ ಇಲ್ಲ. ಹಾಳು ಕಿಲುಬು ಅಂತ ಇನ್ನೂ ಹುಣಸೆಹಣ್ಣು ಹಾಕಿ, ಉಪ್ಪು ಹಾಕಿ, ಗಟ್ಟಿಯಾಗಿ ತಿಕ್ಕಿದೆ. ಆಗ್ಲೇ ಮೂತಿ ಕೈಗೆ ಬಂದಿದ್ದು.’

ಸದಾಶಿವಯ್ಯ ಕೈಲಿದ್ದ ಮೂತಿಯನ್ನು ಮೆಲ್ಲಗೆ ತಟ್ಟೆಗಿಟ್ಟರು. ಮೃತ್ಯುಂಜಯನಿಗೂ ಆ ಹಸಿರು ಗೊತ್ತಿತ್ತು. ಮೂವತ್ತು ವರ್ಷದಿಂದ ಅದು ತನ್ನ ಮನೆಯ ಥಂಡಿಗೆ ಬಂದ ಬೂಷ್ಟು ಎಂದುಕೊಂಡು, ಪ್ರತಿ ಮಳೆಗಾಲ ತನ್ನನ್ನೇ ಬೈದುಕೊಳ್ಳುತ್ತಿದ್ದ.

‘ಆ ಕಿಲುಬು ನಾನು ಬರೆದಿದ್ದು ಕಣಮ್ಮ,’ ಎಂದರು ಮುದುಕರು. ದನಿ ಬಹಳ ಮೆಲ್ಲಗಿತ್ತು. ‘ಕುಂಚದಲ್ಲಿ. ಯಾರೂ ಹೇಳಿರಲಿಲ್ಲ. ಕಪ್ಪು ಬಿಳಿ ಪಿಚ್ಚರು, ಹಸಿರು ಕಾಣೋದೇ ಇಲ್ಲ. ಮೇಸ್ತ್ರಿ ನೋಡಿ, ಏನಯ್ಯ ಸದಾಶಿವ, ಕೆಲ್ಸ ಇಲ್ವಾ ನಿನಗೆ ಅಂದ್ರು. ಗಿಂಡಿ ಅಂದ್ಮೇಲೆ ಕೊರಳಲ್ಲಿ ಕಿಲುಬು ಇರ್ಬೇಕಲ್ವಾ? ಅದಿಲ್ಲದ ಗಿಂಡಿ ಯಾರ ಮನೇಲಿದೆ?’

‘ನಮ್ಮ ಅಜ್ಜಿ ಗಿಂಡಿಗೂ ಅಲ್ಲೇ ಇತ್ತು,’ ಎಂದಳು ಬಿಂದುಶ್ರೀ. ‘ನಂಜನಗೂಡಲ್ಲಿ ಹಬ್ಬಕ್ಕೆಲ್ಲ ನಾನೇ ತಿಕ್ಕೋಳು. ಅದೂ ಹಿಂಗೇ, ಸುಲಭಕ್ಕೆ ಹೋಗ್ತಿರಲಿಲ್ಲ.’

ಮುದುಕರಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಮಗಳ ಕಡೆ ತಿರುಗಿ, ‘ಕೇಳ್ದೇನಮ್ಮ ಅನು?’ ಎಂದರು. ಅನುಪಮಾಳ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಅವಳು ಆ ಚಿನ್ನದ ಬಣ್ಣದ ಮುದ್ದೆಯನ್ನು ನೋಡುತ್ತಿದ್ದಳು, ಆಮೇಲೆ ಅಪ್ಪನ ಬೆರಳುಗಳನ್ನು ನೋಡಿದಳು.

ಮೃತ್ಯುಂಜಯನಿಗೆ ಇನ್ನು ಸುಮ್ಮನಿರಲಾಗಲಿಲ್ಲ. ಎಲ್ಲರ ಎದುರೇ ಸೊಸೆಯ ಮುಂದೆ ಹೋಗಿ ನಿಂತ. ‘ತಪ್ಪು ನಂದು ಕಣಮ್ಮ. ಪಾತ್ರೆ ಸಾಲಲ್ಲಿ ತಂದು ಇಟ್ಟೋನು ನಾನು. ನಿಮ್ಮ ತೌರಿನ ಮಾತು ಎತ್ತಬಾರದಿತ್ತು. ಹಿತ್ತಾಳೆ ನೋಡಿದ ಮನೆ ಹುಡುಗಿ ಆಗಿದ್ದಕ್ಕೇ ನೀನು ಮೋಸ ಹೋದದ್ದು,’ ಎಂದ. ಅವಳು ತಲೆ ತಗ್ಗಿಸಿದಳು, ಮೂಗು ಒರೆಸಿಕೊಂಡಳು, ಆಮೇಲೆ, ‘ಆ ಸ್ಪ್ರೇ ಬಣ್ಣ ಮಾತ್ರ ಯಾಕೆ ಹೊಡೆದ್ರಿ ಮಾವ? ಇನ್ನೂ ಅಸಹ್ಯ ಮಾಡ್ಬುಟ್ರಿ,’ ಎಂದಳು. ಪ್ರೇಮಲೀಲಾ ಮೊದಲು ನಕ್ಕಳು. ಮುದುಕರು ನಕ್ಕರು. ಕೊನೆಗೆ ಮೃತ್ಯುಂಜಯನೂ ನಗಬೇಕಾಯಿತು.

ಹೊರಡುವ ಮೊದಲು ಅವನು ಆ ಮುದ್ದೆಯನ್ನು ಪಂಚೆಯಲ್ಲಿ ಸುತ್ತಿ ಸದಾಶಿವಯ್ಯನವರ ಕೈಗೆ ಕೊಡಲು ಹೋದ. ಮೂವತ್ತು ವರ್ಷದಲ್ಲಿ ಒಂದು ಗುಂಡುಸೂಜಿಯನ್ನೂ ಆ ಕೋಣೆಯಿಂದ ಆಚೆ ಕಳಿಸಿದವನಲ್ಲ. ಅವರು ತೆಗೆದುಕೊಳ್ಳಲಿಲ್ಲ.

‘ಬೇಡಪ್ಪ, ನಾನು ಕೇಳೋಕೆ ಬಂದಿದ್ದು ಸಿಕ್ತು,’ ಎಂದರು. ‘ಇದು ನಿಮ್ಮನೇಲಿ ಹುಣಸೆಹಣ್ಣು ಕಂಡಿದೆ. ಇನ್ನು ಇದು ಸಿನಿಮಾ ಸಾಮಾನಲ್ಲ, ನಿಮ್ಮನೆ ಪಾತ್ರೆ. ತೊಳೆದೋರೇ ಒಳಗೆ ಇಡ್ಲಿ.’

ಬಿಂದುಶ್ರೀ ಅದನ್ನು ಎತ್ತಿಕೊಂಡು ಹೋಗಿ ದೀಪ, ಚೊಂಬು, ಹರಿವಾಣಗಳ ಸಾಲಿನಲ್ಲಿಟ್ಟು ವಿಭೂತಿ ಹಚ್ಚಿದಳು. ಮುದುಕರು ಅವಳ ತಲೆ ಮೇಲೆ ಕೈಯಿಟ್ಟು, ಮೆಟ್ಟಿಲಿಳಿದು, ಆಟೋ ಹತ್ತಿದರು. ಮೃತ್ಯುಂಜಯ ಗೇಟಿನವರೆಗೆ ಬಂದು ನಿಂತ.

‘ಎಲ್ಲಿಗೆ ತಾತ, ಯಾದವಗಿರಿಗೇ ತಾನೇ?’ ಎಂದ ಆಟೋದವನು ಕೀಲಿ ತಿರುವುತ್ತಾ.

‘ಹೂಂ ಕಣಪ್ಪ. ನಿಧಾನವಾಗಿ ಹೋಗು,’ ಎಂದರು ಸದಾಶಿವಯ್ಯ. ಜುಬ್ಬ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ‘ನಾನು ಸಿನಿಮಾಕ್ಕೆ ಸಾಮಾನು ಮಾಡ್ತಿದ್ದೆ, ಗೊತ್ತಾ? ಒಂದು ಗಿಂಡಿ ಮಾಡಿದ್ದೆ, ಬರೀ ಕಾಗದದ್ದು. ಈ ಮನೆ ಸೊಸೆ ಅದರ ಕಿಲುಬು ಹೋಗ್ಲಿ ಅಂತ ಕಾಲು ಗಂಟೆ ತಿಕ್ಕಿದಳಂತಪ್ಪ, ಕಾಲು ಗಂಟೆ.’